ಮಾತು ಹೊರಗೆ ಹೋಗದ ನಡುಮನೆ

ನಮ್ಮದು ಮೂರು ಕೋಣೆಯ ಮನೆ ಎಂದು ಸ್ಕೂಲಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಎಲುಬಿಲ್ಲದ ನಾಲಗೆ, ಹೇಳುವುದಕ್ಕೇನು. ಇದ್ದದ್ದು ಒಂದು ನಡುಮನೆ, ಅದರ ಬೆನ್ನಿಗೆ ಹೊಗೆ ಹಿಡಿದ ಅಡುಗೆಮನೆ, ಪಕ್ಕದಲ್ಲಿ ಅಜ್ಜಿಯೂ ರಾಗಿಮೂಟೆಯೂ ಒಟ್ಟಿಗೆ ಒರಗುತ್ತಿದ್ದ ಒಂದು ಇಕ್ಕಟ್ಟಿನ ಜಾಗ. ರಾಮನಗರದ ಅಂಚಿನಲ್ಲಿ ನಮ್ಮ ಕ್ರೈಸ್ತ ಸಭೆಯವರು ಉಪದೇಶಿಗೆಂದು ಕಟ್ಟಿಸಿಕೊಟ್ಟ ಮನೆ ಅದು. ದೇವಾಲಯದ ಗೋಡೆಗೂ ನಮ್ಮ ಗೋಡೆಗೂ ನಡುವೆ ಒಂದು ಎಮ್ಮೆ ನುಸುಳುವಷ್ಟು ಸಂದಿ. ಅಪ್ಪ ಉಪದೇಶಿ. ಸಭಾಪಾಲಕರಾದ ಅಯ್ಯನವರು ಚನ್ನಪಟ್ಟಣದಲ್ಲಿದ್ದರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ರೊಟ್ಟಿ ದ್ರಾಕ್ಷಾರಸದ ಪ್ರಭುಭೋಜನ ಕೊಟ್ಟು, ಅವ್ವ ಮಾಡಿದ ಕೋಳಿಸಾರು ಉಂಡು ಹೋಗುತ್ತಿದ್ದರು. ಮಿಕ್ಕ ದಿನವೆಲ್ಲ ಸಭೆಯ ಸಾವು, ಮದುವೆ, ಜ್ವರ, ಜಗಳ ಎಲ್ಲಕ್ಕೂ ಅಪ್ಪನೇ. ಊರಿನವರು ಅವನನ್ನು ಉಪದೇಶಿಯೋರು ಎನ್ನುತ್ತಿದ್ದರು, ಅವ್ವನನ್ನು ಉಪದೇಶಮ್ಮ ಎನ್ನುತ್ತಿದ್ದರು. ನಾನು ಉಪದೇಶಿ ಮಗಳು ಸುಶೀಲ. ನನಗೆ ಬೇರೆ ಗುರುತು ಬೇಕು ಅನ್ನಿಸಿದ್ದು ತೀರ ತಡವಾಗಿ.

ನಾವು ಮೆಥೋಡಿಸ್ಟರು. ಹಾಗೆಂದರೆ ಏನು ಎಂದು ಯಾರಾದರೂ ಕೇಳಿದರೆ ಅಪ್ಪ ಒಂದೇ ಮಾತು ಹೇಳುತ್ತಿದ್ದ: ಮಂಡಿ ಊರದೆ ಕೇಳುವ ನ್ಯಾಯ ಬರಿ ಜಗಳ, ಬೀದಿಗೆ ಇಳಿಯದ ಪ್ರಾರ್ಥನೆ ಬರಿ ಗೊರಕೆ. ಆ ಮಾತಿನಂತೆ ನಡೆದವನೂ ಹೌದು. ಬೆಳಗ್ಗೆ ಕೋಳಿ ಕೂಗುವ ಮುಂಚೆ ಅವನ ಮಂಡಿ ನೆಲದ ಮೇಲಿರುತ್ತಿತ್ತು. ಶುಕ್ರವಾರ ಸಂಜೆಯತನಕ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಆವತ್ತು ಉಣ್ಣದೆ ಉಳಿಸಿದ ಹಿಟ್ಟನ್ನು ಹಿಡಿಹಿಡಿಯಾಗಿ ಒಂದು ಮಡಕೆಗೆ ಹಾಕಿ, ಕೇರಿಯಲ್ಲಿ ಯಾರ ಮನೆಯಲ್ಲಿ ಬಾಣಂತಿಯೋ ಕಾಯಿಲೆಯವರೋ ಇದ್ದಾರೆ ಎಂದು ನೋಡಿ ಕೊಟ್ಟು ಬರಬೇಕು. ಕೂಟಗಲ್ ಕಡೆಯ ಒಂದು ಹೋಟೆಲಿನಲ್ಲಿ ಕೇರಿಯವರನ್ನು ಹೊರಗೆ ಕೂರಿಸಿ ತೆಂಗಿನ ಚಿಪ್ಪಿನಲ್ಲಿ ಟೀ ಹುಯ್ಯುತ್ತಿದ್ದರು. ಅಪ್ಪ ಬಿಳಿ ಜುಬ್ಬ ಹಾಕಿಕೊಂಡು ಹೋಗಿ ಅವರ ಜೊತೆಯಲ್ಲೇ ಮಣ್ಣಿನಲ್ಲಿ ಕೂತು ಚಿಪ್ಪಿನಲ್ಲೇ ಟೀ ಕುಡಿದ. ಒಂದು ದಿನವಲ್ಲ, ಮಳೆಗಾಲ ಮುಗಿಯುವ ತನಕ. ಕೊನೆಗೆ ಹೋಟೆಲಿನವನಿಗೇ ನಾಚಿಕೆಯಾಗಿ ಗ್ಲಾಸು ಹೊರಗೆ ಬಂತು. ನನ್ನಪ್ಪನಂಥ ಗಂಡಸು ಈ ಭೂಮಿಯ ಮೇಲಿಲ್ಲ ಎಂದು ನಾನು ನಂಬಿದ್ದೆ. ಹಸಿದ ಹೊಟ್ಟೆಯಲ್ಲಿ ನಂಬಿಕೆ ಗಟ್ಟಿಯಾಗಿಯೇ ಇರುತ್ತದೆ. ಅಜ್ಜಿ ಮಾತ್ರ ಶುಕ್ರವಾರ ಮಧ್ಯಾಹ್ನ ತನ್ನ ಜಾಗದಲ್ಲಿ ಕೂತು ಹುರಿಗಡಲೆ ಅಗಿಯುತ್ತಿದ್ದಳು. ದೀಕ್ಷಾಸ್ನಾನ ಆಗಿತ್ತು, ಆದರೆ ಅವಳ ಹೊಟ್ಟೆಗೆ ಆಗಿರಲಿಲ್ಲ.

ಗುರುವಾರ ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಕ್ಲಾಸು. ಪಾಠದ ಕ್ಲಾಸಲ್ಲ. ಹನ್ನೆರಡು ಜನ ಚಾಪೆಯ ಮೇಲೆ ಸುತ್ತ ಕೂರುತ್ತಿದ್ದರು. ಒಂದು ಕೀರ್ತನೆ, ಒಂದು ಸಣ್ಣ ಪ್ರಾರ್ಥನೆ, ಆಮೇಲೆ ಅಪ್ಪ ಒಬ್ಬೊಬ್ಬರ ಮುಖ ನೋಡಿ ಕೇಳುತ್ತಿದ್ದ.

"ಈ ವಾರ ನಿಮ್ಮಾತ್ಮ ಹೆಂಗೈತೆ?"

ಅದಕ್ಕೆ ಉತ್ತರ ಹೇಳಬೇಕು. ಅತ್ತೆಯನ್ನು ಬೈದವಳು ಬೈದೆ ಎನ್ನಬೇಕು, ಹೆಂಡದಂಗಡಿಗೆ ಹೋದವನು ಹೋದೆ ಎನ್ನಬೇಕು. ಯಾರೂ ನಗುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆಯೆಂದರೆ ಆ ಚಾಪೆಯ ಮೇಲೆ ಆಡಿದ ಮಾತು ಹೊಸಿಲು ದಾಟುವಂತಿಲ್ಲ. ಕ್ಲಾಸಿಗೆ ಸೇರಿದವರಿಗೆ ಮೂರು ತಿಂಗಳಿಗೊಮ್ಮೆ ಒಂದು ಚೀಟಿ ಸಿಗುತ್ತಿತ್ತು. ಅಂಗೈಯಗಲದ ರಟ್ಟು, ಅದರ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ ಹೆಸರು, ಕೆಳಗೆ ಸತ್ಯವೇದದ ಒಂದು ವಾಕ್ಯ. ಚೀಟಿಯಿಲ್ಲದವರು ಒಳಗೆ ಕೂರುವಂತಿಲ್ಲ. ಹನ್ನೊಂದು ತುಂಬಿದ ವರ್ಷ ನನಗೂ ಒಂದು ಚೀಟಿ ಸಿಕ್ಕಿತು. ಅಷ್ಟು ಸಣ್ಣ ವಯಸ್ಸಿಗೆ ಯಾರಿಗೂ ಕೊಟ್ಟಿರಲಿಲ್ಲ. ದೊಡ್ಡವರ ನಡುವೆ ಚಕ್ಕಂಬಕ್ಕಳ ಹಾಕಿ ಕೂತು, ಕೊಬ್ಬರಿ ಕದ್ದು ತಿಂದೆ ಎಂದು ನಾನು ಅರಿಕೆ ಮಾಡಿದಾಗ ಹನ್ನೆರಡು ಜನರೂ ತಲೆ ಬಗ್ಗಿಸಿ ಕೇಳಿದರು. ಆ ಗೌರವಕ್ಕೆ ನಾನು ಮಾರುಹೋದೆ. ಅದನ್ನು ಕಳೆದುಕೊಳ್ಳದಿರಲು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದೆ ಕೂಡ.

ಆ ಹನ್ನೆರಡು ಜನರಲ್ಲಿ ಯೇಸುದಾಸಪ್ಪ ಒಬ್ಬ. ಅವನು ಚಿಕ್ಕಂದಿನಲ್ಲಿ ಪರರ ರೇಷ್ಮೆ ಚರಕ ತಿರುಗಿಸಿ ಕೈ ಬೊಬ್ಬೆ ಮಾಡಿಕೊಂಡವನು. ಈಗ ಸ್ವಂತಕ್ಕೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಒಂದು ಶೆಡ್ಡು ಹಾಕಿದ್ದ. ನಮ್ಮ ಜನರಲ್ಲಿ ಹಾಗೆ ಮೇಲೆ ಬಂದವನು ಅವನೊಬ್ಬನೇ ಆದ್ದರಿಂದ ಅವನು ನಕ್ಕರೆ ಸಭೆಯೇ ನಗುತ್ತಿತ್ತು. ಒಳ್ಳೆಯವನೇ. ನನಗೆ ಪೆಪ್ಪರಮೆಂಟು ತಾರದೆ ಎಂದೂ ಬಂದವನಲ್ಲ. ಅವನ ಮಗಳು ಸ್ಕೂಲಿನಲ್ಲಿ ನನ್ನ ಜೊತೆಯವಳು. ಅವಳ ಜೊತೆ ನಾನು ಶೆಡ್ಡಿಗೆ ಹೋಗುತ್ತಿದ್ದೆ. ಸತ್ತ ಹುಳುವಿನ ನಾತ, ಕುದಿನೀರಿನ ಆವಿ, ಅದರ ನಡುವೆ ಹೆಂಗಸರು ಬರಿಗೈಯನ್ನು ಬಿಸಿನೀರಿಗೆ ಅದ್ದಿ ಎಳೆ ಹುಡುಕುತ್ತಿದ್ದರು. ಅಲ್ಲಿ ಕೆಂಪಮ್ಮ ಇದ್ದಳು. ಕೂಟಗಲ್ಲಿನಿಂದ ನಡೆದು ಬರುತ್ತಿದ್ದಳು, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಮದುವೆ ಗೊತ್ತಾಗಿತ್ತು. ಹುಡುಗ ಸಾತನೂರು ಕಡೆಯವನು. ನನಗೆ ತೊಡಕು ಬಿದ್ದ ರೇಷ್ಮೆ ಎಳೆಗಳನ್ನು ಕೊಟ್ಟು, ಬೊಂಬೆಗೆ ಜಡೆ ಹೆಣೆಯುವುದನ್ನು ಕಲಿಸಿಕೊಟ್ಟವಳು ಅವಳೇ. ಅಷ್ಟು ಚುರುಕು ಬೆರಳು ನಾನು ಆಮೇಲೆ ದೊಡ್ಡ ದೊಡ್ಡ ಸರ್ಜನ್ನರಲ್ಲೂ ಕಂಡಿಲ್ಲ.

ಗೂಡು ಬೇಯಿಸುವ ದೊಡ್ಡ ಬಾಣಲೆ ಒಂದು ದಿನ ಮಗುಚಿಕೊಂಡು ಕೆಂಪಮ್ಮನ ಎರಡು ಕೈಯೂ ಮೊಣಕೈತನಕ ಬೆಂದುಹೋದವು. ಊರಿಗೆಲ್ಲ ಸುದ್ದಿ ಹರಡಿದ್ದು ಹೀಗೆ: ಹುಡುಗಿಗೆ ಮೂರ್ಛೆರೋಗ ಇತ್ತಂತೆ, ಮುಚ್ಚಿಟ್ಟು ಕೆಲಸಕ್ಕೆ ಬಂದಿದ್ದಳಂತೆ, ಕಣ್ಣು ಕತ್ತಲೆ ಬಂದು ಬಾಣಲೆ ಮೇಲೆ ಬಿದ್ದಳಂತೆ. ಹೇಳಿದವನು ಯೇಸುದಾಸಪ್ಪ. ಕೆಂಪಮ್ಮ ಆಸ್ಪತ್ರೆಯಲ್ಲಿ ಹಾಗಲ್ಲ ಹಾಗಲ್ಲ ಎಂದು ಅರಚಿದಳು. ಕೂಲಿ ಹೆಣ್ಣಿನ ಮಾತು, ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ. ಅಪ್ಪ ದಿನಾ ಹೋಗಿ ಅವಳ ಮಂಚದ ಪಕ್ಕ ಪ್ರಾರ್ಥನೆ ಮಾಡಿ ಬಂದ. ಅವಳು ನಮ್ಮ ಸಭೆಯವಳಲ್ಲ, ಆದರೂ ಹೋದ. ಆ ತನಕ ಅವನಿಗೂ ನಿಜ ಗೊತ್ತಿರಲಿಲ್ಲ.

ಮುಂದಿನ ಗುರುವಾರ ಸುತ್ತಿನಲ್ಲಿ ಯೇಸುದಾಸಪ್ಪನ ಸರದಿ ಬಂತು. ಆತ್ಮ ಹೆಂಗೈತೆ ಎಂದು ಅಪ್ಪ ಕೇಳಿ ಮುಗಿಸುವ ಮುಂಚೆಯೇ ಅವನು ಚಾಪೆಯ ಮೇಲೆ ಬೋರಲು ಬಿದ್ದು ಅಳತೊಡಗಿದ.

"ನಾನ್ ಪಾಪಿ ಕಣ್ರಪ್ಪಾ. ಆ ಹುಡ್ಗಿಗೆ ಯಾವ ಮೂರ್ಛೇನೂ ಇಲ್ಲ. ಬಾಣ್ಲೆ ಕಾಲು ಮುರ್ದೈತೆ, ಅಲ್ಲಾಡ್ತಾ ಐತೆ ಅಂತ ಮೂರು ಸಲ ಬಂದು ಹೇಳಿದ್ಲು. ಈ ಗೂಡು ಮುಗೀಲಿ ತಡಿ ಅಂದೆ ನಾನು. ಕಲ್ಲು ಕೊಟ್ಟು ನಿಲ್ಸಿದ್ದೆ. ಕಲ್ಲು ಜಾರ್ಬುಡ್ತು. ಭಯಕ್ಕೆ ಹಂಗಂದ್ಬುಟ್ಟೆ ಕಣ್ರಪ್ಪಾ."

ಅಪ್ಪ ಎದ್ದು ಹೋಗಿ ಅವನನ್ನು ಎತ್ತಿ ತಬ್ಬಿಕೊಂಡ. ಅಪ್ಪನೂ ಅತ್ತ. ಅರಿಕೆ ಮಾಡಿದವನಿಗೆ ಕರ್ತನು ಕ್ಷಮಿಸುತ್ತಾನೆ ಎಂಬ ವಾಕ್ಯ ಓದಿದ. ಎಲ್ಲರೂ ಸ್ತೋತ್ರ ಎಂದರು. ಯೇಸುದಾಸಪ್ಪ ಕಣ್ಣೊರೆಸಿಕೊಂಡಾಗ ಅವನ ಮುಖ ಸ್ನಾನ ಮಾಡಿ ಬಂದಷ್ಟು ಹಗುರಾಗಿತ್ತು. ನನಗೂ ಆವತ್ತು ದೇವರು ಆ ಚಾಪೆಯ ಮೇಲೆ ಬಂದು ಕೂತ ಹಾಗನ್ನಿಸಿತು. ನಾಚಿಕೆಗೇಡು, ಆದರೆ ಅನ್ನಿಸಿದ್ದು ನಿಜ. ಅವ್ವ ಒಬ್ಬಳು ಸ್ತೋತ್ರ ಎನ್ನಲಿಲ್ಲ. ಅವಳು ಬಾಗಿಲ ಕಡೆಗೇ ನೋಡುತ್ತ ಕೂತಿದ್ದಳು.

ಜನ ಹೋದ ಮೇಲೆ ಜಗಳ ಶುರುವಾಯಿತು. ಅದುವರೆಗೆ ಅವರಿಬ್ಬರ ಜಗಳ ಎಂದರೆ ಉಪ್ಪು ಹೆಚ್ಚು, ಹುಳಿ ಕಮ್ಮಿ. ಇದು ಹಾಗಿರಲಿಲ್ಲ.

"ಅಳೋದು ಅತ್ತಾಯ್ತಲ್ಲ, ಇನ್ ಹೋಗಿ ಊರ ಮುಂದೆ ಹೇಳು ಅಂತ ಹೇಳಿ ಅವ್ನಿಗೆ," ಎಂದಳು ಅವ್ವ.

"ಹೇಳಿದ್ದೀನಿ ಕಣೆ. ಒಸಿ ಟೈಮು ಕೊಡಿ ಅಂದ."

"ಅವ್ನು ಹೇಳ್ದಿದ್ರೆ ನೀವು ಹೇಳಿ."

"ಕ್ಲಾಸಿನ ಮಾತು ನಾನೇ ಹೊರಗ್ ಹಾಕುದ್ರೆ ನಾಳೆಯಿಂದ ಇಲ್ಲಿ ಯಾರು ಬಾಯಿ ಬುಡ್ತಾರೆ? ಅಂತರಾತ್ಮಾನ ನನ್ ಕೈಗೆ ಕೊಟ್ಟವ್ರೆ ಜನ. ಅದ್ನ ಬೀದೀಗ್ ಎಸೀಲಾ?"

"ಕೈ ಕೊಟ್ಟೋಳು ಅವ್ಳು. ಎರಡೂ ಕೈ."

ಅಪ್ಪ ಚಾಪೆ ಸುತ್ತಿ ಮೂಲೆಗಿಟ್ಟ. ಯೇಸುದಾಸಪ್ಪನ ಬಾಯಿಂದಲೇ ನಿಜ ಹೊರಡಲಿ ಎಂದು ಮೂರು ದಿನ ಉಪವಾಸ ಹಿಡಿದ. ತಪ್ಪು ಬೇರೆ ಯಾರದ್ದಾದರೂ ಆಗಿದ್ದರೆ ಅವನು ಶೆಡ್ಡಿನ ಮುಂದೆಯೇ ಹೋಗಿ ಕೂರುತ್ತಿದ್ದ, ಹೋಟೆಲಿನ ಮುಂದೆ ಕೂತ ಹಾಗೆ. ಹೋಟೆಲಿನವನು ಹೊರಗಿನವನು, ಇವನು ನಮ್ಮ ಚಾಪೆಯವನು. ಈ ವ್ಯತ್ಯಾಸ ಅಪ್ಪನಿಗೆ ಗೊತ್ತಾಗಲಿಲ್ಲವೆಂದು ನಾನು ಹೇಳಲಾರೆ. ಎರಡನೆಯ ದಿನ ಯೇಸುದಾಸಪ್ಪ ಉಪದೇಶಿಯೋರು ಸೊರಗವ್ರೆ ಎಂದು ಎಳನೀರು ಕಳಿಸಿದ. ಅಜ್ಜಿ ಅದನ್ನು ಕುಡಿದು ಬಾಯಿ ಒರೆಸಿಕೊಂಡಳು.

"ನಮ್ ಹಳೇ ಮಾರವ್ವನ ಮುಂದೆ ಕರ್ಪೂರ ಹಚ್ಚಿ ಆಣೆ ಇಕ್ಸಿದ್ರೆ ಯಾವನಾದ್ರೂ ಬೆದರಿ ನಿಜ ಕಕ್ತಿದ್ದ. ನಿಮ್ ದೇವ್ರು ಬಲು ಮೆದು ಕಣಪ್ಪ. ಅತ್ತವರನ್ನೆಲ್ಲ ಬುಟ್ಬುಡ್ತಾನೆ."

ಉಪವಾಸ ಮುಗಿದ ಮರುದಿನ ಮಧ್ಯಾಹ್ನ ಒಬ್ಬ ಇನ್‌ಸ್ಪೆಕ್ಟರು ಬಂದರು. ಪೊಲೀಸಿನವರಲ್ಲ, ಕಾರ್ಖಾನೆ ಶೆಡ್ಡುಗಳನ್ನು ನೋಡುವವರು. ಕೆಂಪಮ್ಮನ ಅಣ್ಣ ಯಾರಿಂದಲೋ ಅರ್ಜಿ ಬರೆಸಿ ಹಾಕಿದ್ದನಂತೆ. ಸಜ್ಜನ ಮನುಷ್ಯರು, ಚಪ್ಪಲಿ ಹೊರಗೇ ಬಿಟ್ಟು ಬಂದು ಕೂತರು.

"ನೋಡಿ ಸ್ವಾಮಿ, ಅವಳು ಒಂದು ಹೇಳ್ತಾಳೆ, ಓನರು ಒಂದು ಹೇಳ್ತಾನೆ. ಜೊತೆ ಕೆಲಸದವರು ಹೆದರಿಕೊಂಡು ಏನೂ ಹೇಳ್ತಿಲ್ಲ. ನಿಮಗೆ ಇಬ್ಬರೂ ಗೊತ್ತು. ನೀವು ದೇವರ ಕೆಲಸ ಮಾಡೋರು. ನೀವು ಏನು ಹೇಳಿದರೆ ಅದನ್ನೇ ಬರೆದುಕೊಂಡು ಹೋಗ್ತೀನಿ."

ಇಷ್ಟು ಸುಲಭವಾಗಿ ನ್ಯಾಯ ನಮ್ಮ ಮನೆಯ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟದ್ದು ಅದೊಂದೇ ಸಲ. ಅಪ್ಪ ನೆಲ ನೋಡಿಕೊಂಡೇ ಮಾತಾಡಿದ.

"ನಾನು ಆ ಜಾಗದಲ್ಲಿ ಇರ್ಲಿಲ್ಲ ಸಾರ್," ಎಂದ.

ಸುಳ್ಳಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವರು ಅವ್ವನ ಕಡೆ ತಿರುಗಿದರು. ಅವಳು ಅಪ್ಪನನ್ನು ನೋಡಿದಳು. ಆಮೇಲೆ ಕಾಫಿ ತರ್ತೀನಿ ಎಂದು ಎದ್ದು ಒಳಗೆ ಹೋಗಿಬಿಟ್ಟಳು. ಅಡುಗೆಮನೆಯಲ್ಲಿ ಕಾಫಿಪುಡಿ ಇರಲಿಲ್ಲ. ಅವಳು ಹೊರಗೆ ಬರಲಿಲ್ಲ. ಇನ್‌ಸ್ಪೆಕ್ಟರು ಕಾಗದ ಮಡಿಸುತ್ತ, ಕಂಬಕ್ಕೆ ಒರಗಿ ನಿಂತಿದ್ದ ನನ್ನನ್ನು ನೋಡಿ ನಕ್ಕರು.

"ನೀನು ಆ ಶೆಡ್ಡಿಗೆ ಆಟಕ್ಕೆ ಹೋಗ್ತಿದ್ದೆಯಂತೆ ಮರಿ. ಕೆಂಪಮ್ಮನಿಗೆ ಮೂರ್ಛೆ ಬರ್ತಿತ್ತಾ?"

ನಾನು ಅಪ್ಪನ ಮುಖ ನೋಡಿದೆ. ಅವನು ತಲೆ ಎತ್ತಲಿಲ್ಲ. ಇಲ್ಲ ಎಂದರೆ ಚಾಪೆಯ ಮಾತು ಹೊಸಿಲು ದಾಟಿದ ಹಾಗೆ ಎಂದು ಆ ಹನ್ನೊಂದು ವರ್ಷದ ತಲೆ ಲೆಕ್ಕ ಹಾಕಿತು. ಗೊತ್ತಿಲ್ಲ ಎನ್ನಬಹುದಿತ್ತು. ದೊಡ್ಡವರು ಜಾರಿಕೊಳ್ಳುವ ಹಾಗೆ ಜಾರಿಕೊಳ್ಳುವುದು ನನಗಿನ್ನೂ ಬರುತ್ತಿರಲಿಲ್ಲ.

"ಹೂಂ," ಎಂದೆ. "ಬರ್ತಿತ್ತು."

ಅವರು ಪೆನ್ನು ತೆಗೆದು ಏನೋ ಬರೆದುಕೊಂಡು ಹೋದರು. ಇಡೀ ಮನೆಯಲ್ಲಿ ನೇರವಾಗಿ ಸುಳ್ಳು ಹೇಳಿದವಳು ನಾನೊಬ್ಬಳೇ. ಅವರು ಹೋದ ಮೇಲೆ ಅಪ್ಪ ನನ್ನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟ. ಬೈಯುತ್ತಾನೆ ಎಂದುಕೊಂಡೆ. ನೀನು ನಂಬಿಗಸ್ತೆ ಕಣವ್ವ ಎಂದ. ನನಗೆ ಖುಷಿಯಾಯಿತು. ಇಷ್ಟು ವರ್ಷ ಆದ ಮೇಲೂ ಆ ಖುಷಿಯನ್ನು ನೆನೆದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಅರ್ಜಿ ಬಿದ್ದುಹೋಯಿತು. ಸಾತನೂರಿನವರು ಮೂರ್ಛೆರೋಗದ ಹೆಣ್ಣು ನಮಗೆ ಬೇಡ ಎಂದು ತಾಂಬೂಲ ವಾಪಸು ಕಳಿಸಿದರು. ಬೆಂದ ಬೆರಳುಗಳು ವಾಸಿಯಾಗುವಾಗ ಒಂದಕ್ಕೊಂದು ಅಂಟಿಕೊಂಡು ಅಂಗೈಯೊಳಕ್ಕೆ ಬಾಗಿಕೊಂಡವು. ಸಮಯಕ್ಕೆ ಸರಿಯಾಗಿ ಬಿಡಿಸಿ ಪಟ್ಟಿ ಕಟ್ಟಿದ್ದರೆ ಅಷ್ಟಾಗುತ್ತಿರಲಿಲ್ಲ ಎಂಬುದು ನಾನು ನರ್ಸಾದ ಮೇಲೆ ಕಲಿತ ಪಾಠ. ಆ ಪಾಠದಿಂದ ಯಾರಿಗೆ ಏನು ಪ್ರಯೋಜನ. ವಾರಕ್ಕೆರಡು ಸಲ ಅವಳು ಬ್ಯಾಂಡೇಜಿಗೆಂದು ಪೇಟೆಗೆ ಬರುತ್ತಿದ್ದಳು. ಅವ್ವ ಆಸ್ಪತ್ರೆಯ ಬಾಗಿಲಲ್ಲಿ ಕಾದು ನಿಂತು ಮನೆಗೆ ಕರೆತರುತ್ತಿದ್ದಳು. ಮುದ್ದೆ ಉಣ್ಣಲು ಬೆರಳು ಬೇಕು. ಮುರಿಯಬೇಕು, ಉಂಡೆ ಕಟ್ಟಬೇಕು, ಸಾರಿಗೆ ಅದ್ದಬೇಕು. ಕೆಂಪಮ್ಮನಿಗೆ ಒಂದೂ ಆಗುತ್ತಿರಲಿಲ್ಲ. ಅವ್ವ ನಡುಮನೆಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ತುತ್ತು ಮಾಡಿ ಬಾಯಿಗಿಡುತ್ತಿದ್ದಳು, ಸೆರಗಿನಲ್ಲಿ ಅವಳ ಗಲ್ಲ ಒರೆಸುತ್ತಿದ್ದಳು. ಕೆಂಪಮ್ಮ ಮೊದಮೊದಲು ಅಳುತ್ತಿದ್ದಳು, ಆಮೇಲೆ ಉಣ್ಣುತ್ತ ಉಣ್ಣುತ್ತ ಊರ ಸುದ್ದಿ ಹೇಳತೊಡಗಿದಳು. ನಾನು ಪುಸ್ತಕ ಅಡ್ಡ ಹಿಡಿದುಕೊಂಡು ಗೋಡೆ ಕಡೆ ತಿರುಗಿ ಕೂರುತ್ತಿದ್ದೆ. ಯೇಸುದಾಸಪ್ಪ ಆ ವರ್ಷದಿಂದ ಉಪವಾಸದ ಮಡಕೆಗೆಂದು ಹಿಡಿಯ ಬದಲು ಮೂಟೆಯಲ್ಲೇ ರಾಗಿ ಕಳಿಸತೊಡಗಿದ. ಅಪ್ಪ ದೇವಾಲಯದಲ್ಲಿ ಅವನ ಹೆಸರು ಹೇಳಿ ಸ್ತೋತ್ರ ಮಾಡಿದ. ಆ ರಾಗಿಯೇ ಕೆಂಪಮ್ಮನ ಬಾಯಿಗೆ ಹೋಗುತ್ತಿತ್ತು.

ಶೆಡ್ಡು ನಡೆಯಿತು, ಕ್ಲಾಸೂ ನಡೆಯಿತು. ಬಾಣಲೆಗೆ ಹೊಸ ಕಾಲು ಬಂತೋ ಇಲ್ಲವೋ ನಮ್ಮಲ್ಲಿ ಯಾರೂ ಹೋಗಿ ನೋಡಲಿಲ್ಲ. ಅಪ್ಪ ಕೇಳುತ್ತಲೇ ಇದ್ದ, ಜನ ಹೇಳುತ್ತಲೇ ಇದ್ದರು. ಅವ್ವನ ಸರದಿ ಬಂದಾಗ ಅವಳು ಹಂಗೇ ಐತೆ ಎನ್ನುತ್ತಿದ್ದಳು. ವಾರ ವಾರ ಅದೇ ಎರಡು ಮಾತು. ಅಪ್ಪ ಮತ್ತೆ ಯಾವ ಹೋಟೆಲಿನ ಮುಂದೆಯೂ ಕೂರಲಿಲ್ಲ. ಒಂದು ಸಲ ಮಾಗಡಿ ಕಡೆಯಿಂದ ಯಾರೋ ಬಂದು ನಮ್ಮೂರಲ್ಲೂ ಹಿಂಗೇ ಐತೆ ಬನ್ನಿ ಎಂದು ಕರೆದಾಗ ಮಂಡಿನೋವು ಎಂದ. ನನ್ನ ಪ್ರಾರ್ಥನೆ ಯಾವಾಗ ನಿಂತಿತು ಎಂದು ನನಗೆ ಗೊತ್ತಿಲ್ಲ. ಮಂಡಿ ಊರಿದಾಗಲೆಲ್ಲ ಆ ಇನ್‌ಸ್ಪೆಕ್ಟರು ಪೆನ್ನು ಹಿಡಿದು ಎದುರಿಗೆ ಕೂತಿರುತ್ತಿದ್ದರು. ದೇವರು ಅವರ ಹಿಂದೆ ಎಲ್ಲೋ ಮರೆಯಾದ. ಅಪ್ಪ ಹೋದ, ಅಜ್ಜಿ ಹೋದಳು. ಅವ್ವ ಕೊನೆಯ ವರ್ಷದವರೆಗೂ ಕೆಂಪಮ್ಮ ಬಂದಾಗಲೆಲ್ಲ ತುತ್ತು ಕೊಟ್ಟಳು, ತನ್ನ ಕೈಯೇ ನಡುಗುವಾಗಲೂ. ನನ್ನ ಮಗಳು ಇವಳೇ, ನೀನಲ್ಲ ಎಂದು ಒಮ್ಮೆ ನನ್ನೆದುರೇ ಅಂದಳು. ತಮಾಷೆಗೆ ಅಂದದ್ದು ಎಂದು ನಾನು ಅಂದುಕೊಂಡೆ.

ಅವ್ವ ಸತ್ತ ಮರುವರ್ಷ ನಾನು ಕನಕಪುರದ ಆಸ್ಪತ್ರೆ ಕೆಲಸದಿಂದ ನಿವೃತ್ತಳಾಗಿ ರಾಮನಗರಕ್ಕೆ ಬಂದು ಮನೆ ಮಾಡಿದ್ದೆ. ಒಂದು ಮಧ್ಯಾಹ್ನ ಕೆಂಪಮ್ಮ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ತಟ್ಟೆಗೆ ಅನ್ನ ಬಡಿಸಿಕೊಂಡು ಬಂದು ಎದುರಿಗೆ ಕೂತೆ, ಅವ್ವ ಕೂರುತ್ತಿದ್ದ ಹಾಗೆ. ತುತ್ತು ಹಿಡಿದರೆ ಅವಳು ಬಾಯಿ ತೆರೆಯಲಿಲ್ಲ.

"ಯೇಸುದಾಸಪ್ಪ ಸಾಯೋ ಮುಂಚೆ ನನ್ನ ಕರೆಸಿದ್ದ ಕಣವ್ವ. ಕಾಲು ಹಿಡ್ಕೊಳಾಕೆ ಬಂದ. ಎಲ್ಲಾ ಹೇಳ್ಬುಟ್ಟ. ನಾನೂ ಹೋಗ್ಲಿ ಬುಡಪ್ಪ ಅಂದ್ಬುಟ್ಟೆ, ಸಾಯೋ ಮುದುಕನ ಹತ್ರ ಏನ್ ಜಗಳ. ಆಮೇಲೆ ಅಂದ, ಉಪದೇಶಿಯೋರ ಮನೇಲಿ ಆವತ್ತೇ ಎಲ್ಲಾರ್ಗೂ ಹೇಳಿದ್ದೆ ಅಂತ."

ನಾನು ಅನ್ನ ಕಲಸುತ್ತಲೇ ಇದ್ದೆ.

"ನಿಮ್ಮವ್ವ ನಂಗೆ ಅಷ್ಟ್ ವರ್ಷ ಉಣ್ಸಿದ್ದು ಅದ್ಕೇನಾ?"

"ಅಲ್ಲ ಕಣೆ, ಅವ್ವ ನಿನ್ನ..." ಎಂದು ಶುರು ಮಾಡಿದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ನಾನು ಪಿರೂತಿ ಅನ್ಕೊಂಡಿದ್ದೆ," ಎಂದಳು ಕೆಂಪಮ್ಮ. ಮಡಿಚಿಕೊಂಡ ಆ ಕೈಯನ್ನು ನನ್ನ ಮೊಣಕಾಲಿನ ಮೇಲಿಟ್ಟಳು. "ನೀನ್ಯಾಕೆ ಅಳ್ತೀಯ? ನೀನಾಗ ಸಣ್ಣ ಮಗ. ನಿಂಗೇನ್ ತಿಳೀತಿತ್ತು. ಆ ಮನೇಲಿ ನಂಗೆ ದ್ರೋಹ ಮಾಡ್ದೆ ಇದ್ದೋಳು ನೀನೊಬ್ಳೇ ಕಣವ್ವ."

ಆಗ ಹೇಳಬಹುದಿತ್ತು. ತಡೆಯುವವರು ಯಾರೂ ಇರಲಿಲ್ಲ. ಅಪ್ಪನಿಲ್ಲ, ಅವ್ವನಿಲ್ಲ, ಕ್ಲಾಸು ಎಂದೋ ನಿಂತುಹೋಗಿತ್ತು. ನಾನು ತಟ್ಟೆ ಎತ್ತಿಕೊಂಡು ಹೋಗಿ ಕೈ ತೊಳೆದು ಬಂದೆ. ಕೂಟಗಲ್ ಬಸ್ಸಿಗೆ ಹೊತ್ತಾಯಿತು ಎಂದು ಕೆಂಪಮ್ಮ ಎದ್ದಳು. ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. ಅವಳಿಗೆ ಕಂಬಿ ಹಿಡಿಯಲು ಆಗುವುದಿಲ್ಲವಾದ್ದರಿಂದ ನಾನೇ ತೋಳು ಹಿಡಿದು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಹುಷಾರಾಗಿ ಹೋಗು ಎಂದೆ.